ಸಾಮಾನ್ಯ ಮನುಷ್ಯ ಬೇಕಾಗಿದ್ದಾನೆ

ಬೆಳಿಗ್ಗೆ ಒಂಬತ್ತಕ್ಕೆ ಸಾರ್ವಜನಿಕ ಅಭಿಪ್ರಾಯಕ್ಕೆ ಜ್ವರ ಬಂತು. ಅಂದರೆ, ‘ಅಮೆರಿಕ–ಯುರೋಪ್ ವಿದೇಶಾಂಗ ಸಹಕಾರ: ಜನ ಏನೆನ್ನುತ್ತಾರೆ?’ ಎಂಬ ಗೋಷ್ಠಿಯಲ್ಲಿ ಜನರ ಪರವಾಗಿ ಮಾತಾಡಬೇಕಿದ್ದ ಹೂ ಮಾರುವ ಅಜ್ಜಿ ಫೋನ್ ಮಾಡಿ, ಬರುವುದಿಲ್ಲ ಎಂದುಬಿಟ್ಟಳು.

ಫೋನ್ ಎತ್ತಿದವನು ಗೋಷ್ಠಿ ನಡೆಸುತ್ತಿದ್ದ ಬ್ರಸೆಲ್ಸ್‌ನ ಅಧ್ಯಯನ ಸಂಸ್ಥೆಯ ಸಹಾಯಕ ಯೋರಿಸ್. ಅವನ ನೌಕರಿಯ ಅವಧಿ ಅಂದೇ ಮುಗಿಯುತ್ತಿತ್ತು. ಮುಂದುವರಿಸುವುದೋ ಬಿಡುವುದೋ ನಿರ್ದೇಶಕಿ ಕ್ಲೋದಿನ್ ಕೈಯಲ್ಲಿತ್ತು.

“ಹನ್ನೊಂದಕ್ಕೆ ಗೋಷ್ಠಿ. ವಾಷಿಂಗ್ಟನ್‌ನಿಂದ ಬಂದೋರು ಮುಂದಿನ ಸಾಲಲ್ಲೇ ಕೂತಿರ್ತಾರೆ,” ಎಂದಳು ಕ್ಲೋದಿನ್. “ಒಬ್ಬ ಸಾಮಾನ್ಯ ಮನುಷ್ಯನ್ನ ಹಿಡ್ಕೊಂಡು ಬಾ. ಸಿಗ್ಲಿಲ್ವೋ, ನೀನೂ ಬರ್ಬೇಡ.”

“ಬೀದಿ ತುಂಬ ಜನ ಇದಾರಲ್ಲ ಮೇಡಂ!”

ಜನರೇನೋ ಇದ್ದರು. ಆದರೆ ಅದು ಯುರೋಪಿನ ಸಂಸತ್ತಿನ ಸುತ್ತಲಿನ ಬೀದಿ. ಬೆಂಚಿನ ಮೇಲೆ ಬ್ರೆಡ್ಡು ತಿನ್ನುತ್ತಿದ್ದವನು ನಿವೃತ್ತ ರಾಯಭಾರಿ. ನಾಯಿ ಅಡ್ಡಾಡಿಸುತ್ತಿದ್ದ ಹೆಂಗಸು ಉಕ್ಕಿನ ಕಂಪನಿಗಳ ಪರ ವಕಾಲತ್ತು ಮಾಡುವವಳು. ಯೋರಿಸ್‌ನ ಕೈಗೇ ಎರಡು ಕರಪತ್ರ ತುರುಕಿದಳು. ಬಸ್ ನಿಲ್ದಾಣದಲ್ಲಿ ಮಳೆಗೆ ತೊಯ್ದು ನಿಂತಿದ್ದ ಬಡಪಾಯಿಯೊಬ್ಬ, “ನನ್ನ ಅಭಿಪ್ರಾಯಾನಾ? ಇಪ್ಪತ್ತೇಳು ದೇಶದ ಒಪ್ಪಿಗೆ ಬೇಕಾಗತ್ತೆ,” ಎಂದ. ಅವನು ಯುರೋಪ್ ಒಕ್ಕೂಟದ ವಕ್ತಾರ.

ಹತ್ತೂಮುಕ್ಕಾಲಿಗೆ ಯೋರಿಸ್ ಕರಿದ ಆಲೂಗಡ್ಡೆ ಮಾರುವ ಗುಸ್ತ್‌ನ ಗಾಡಿಯ ಮುಂದೆ ನಿಂತಿದ್ದ.

“ಗುಸ್ತಣ್ಣಾ, ಬೇಗ ಬಾ! ಯುರೋಪಿನ ಭವಿಷ್ಯದ ಪ್ರಶ್ನೆ!”

“ಅದು ನಾಳೇನೂ ಇರತ್ತೆ ಮಾರಾಯ. ಎಣ್ಣೆ ಆರೋಗತ್ತೆ.”

“ನನ್ನ ಕೆಲಸ ಹೋಗತ್ತೆ ಕಣಣ್ಣ!”

“ಅಯ್ಯೋ, ಮೊದ್ಲೇ ಹೇಳ್ಬಾರ್ದಾ?” ಗುಸ್ತ್ ಏಪ್ರನ್ನಿನಲ್ಲೇ ಹೊರಟ.

ವೇದಿಕೆಯಲ್ಲಿ ಅವನನ್ನು ಕೇಳಿದರು: ಅಮೆರಿಕವನ್ನು ನಂಬಬಹುದೇ?

ಗುಸ್ತ್ ಗಲ್ಲ ಕೆರೆದುಕೊಂಡ. “ಪಕ್ಕದ ಗಾಡಿಯವನು ನಂಗೆ ಹತ್ತು ವರ್ಷ ಎಣ್ಣೆ ಕೊಟ್ಟ. ನಾನು ತರೋದೇ ಬಿಟ್ಬಿಟ್ಟೆ. ಒಂದಿನ ‘ಇವತ್ತು ಮನಸ್ಸಿಲ್ಲ’ ಅಂದ. ಆವತ್ತು ಗಿರಾಕಿಗಳಿಗೆ ಹಸಿ ಆಲೂಗಡ್ಡೆ ತೋರಿಸ್ಕೊಂಡು ಕೂತೆ. ಈಗ್ಲೂ ನಾವು ಸ್ನೇಹಿತ್ರೇ. ಎಣ್ಣೆ ಮಾತ್ರ ನಾನೇ ತರ್ತೀನಿ.”

ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ವಾಷಿಂಗ್ಟನ್ನಿನ ಪ್ರೊಫೆಸರೊಬ್ಬರು ‘ಎಣ್ಣೆ ಸಿದ್ಧಾಂತ’ ಎಂದು ಬರೆದುಕೊಂಡು ಅಡಿಗೆರೆ ಎಳೆದರು. ಯೋರಿಸ್‌ಗೆ ಹೋದ ಜೀವ ಬಂದಂತಾಯಿತು.

ಕ್ಲೋದಿನ್ ನಗುನಗುತ್ತಾ ಬಂದಳು. “ಎಂಥ ಮನುಷ್ಯನ್ನ ಹುಡುಕಿದೆಯೋ! ಇಂಥ ತಲೆ ಬಿಡೋಕಾಗತ್ತಾ? ಇವತ್ತಿಂದ ಅವ್ರೇ ನಮ್ಮ ಜನಾಭಿಪ್ರಾಯ ಸಲಹೆಗಾರರು.”

“ತುಂಬ ಸಂತೋಷ ಮೇಡಂ! ಮತ್ತೆ, ನನ್ನ ಅವಧಿ...?”

“ಇದ್ದಿದ್ದು ಒಂದೇ ಜಾಗ ಕಣೋ, ನಿಂದು. ಅದನ್ನೇ ಅವ್ರಿಗೆ ಕೊಟ್ವಿ.”

ಯೋರಿಸ್ ಕುರ್ಚಿಯ ಮೇಲೆ ಕುಸಿದ. ಅವನಿಗೆ ಅಳು ಬರುವಂತಾಯಿತು. ಕ್ಲೋದಿನ್ ಅವನ ಬೆನ್ನು ತಟ್ಟಿದಳು.

“ಬೇಜಾರ್ ಮಾಡ್ಕೋಬೇಡ. ನಾಳೆ ಎರಡನೇ ಗೋಷ್ಠಿ. ಗುಸ್ತ್ ಈಗ ತಜ್ಞರು, ಜನಸಾಮಾನ್ಯ ಅನ್ನೋಕಾಗಲ್ಲ. ನಿಂಗಾದ್ರೆ ಈಗ ಕೆಲಸ ಇಲ್ಲ, ಹುದ್ದೆ ಇಲ್ಲ, ನಿನ್ನ ಮಾತು ಯಾರೂ ಕೇಳಲ್ಲ. ಹತ್ತಕ್ಕೆ ಬಂದ್ಬಿಡು. ಟೈ ಮಾತ್ರ ಕಟ್ಬೇಡ.”