ವನಮಾಲಾ ಮೇಡಂ ಕಾರಿಗೆ ನಾಲ್ಕು ನಿಂಬೆಹಣ್ಣು

"ನೋಡ್ರೀ ಮೇಡಮ್ಮೋರೇ, ಕಣ್ತುಂಬ ನೋಡ್ಕೊಳ್ಳಿ! ಇದು ಬರೀ ಕಬ್ಬಿಣದ ಸಲಾಕೆ ಅಲ್ಲ. ಓದು ಬರಹ ಬಲ್ಲ ಸಲಾಕೆ!"

ಹಾಲಪ್ಪನವರು ಹಳೇ ಪಂಚೆಯ ಸುತ್ತು ಬಿಚ್ಚಿ, ಬಾಣಂತಿ ಮನೆಯ ಕೂಸನ್ನು ಎತ್ತುವಂತೆ ಎತ್ತಿಕೊಂಡದ್ದು ಮೂರಡಿ ಉದ್ದದ, ನೀಲಿ ಹೊಳಪಿನ ಒಂದು ಸರಳು. ಭಾನುವಾರದ ಎಳೆಬಿಸಿಲಿಗೆ ಅದು ಪಳಕ್ಕೆಂದಿತು. ವನಮಾಲಾ ಮೇಡಂ ಎರಡು ಹೆಜ್ಜೆ ಹಿಂದೆ ಸರಿದರು.

ಸರಿಯಲು ಕಾರಣವಿತ್ತು. ಪಕ್ಕದ ಮನೆಯ ಈ ಹಾಲಪ್ಪನವರು ಕಬ್ಬಿಣದ ಕಾರ್ಖಾನೆಯ ಪ್ರಯೋಗಶಾಲೆಯಿಂದ ನಿವೃತ್ತರಾದವರು. ಆದರೆ ಪ್ರಯೋಗ ನಿವೃತ್ತವಾಗಿರಲಿಲ್ಲ. ಹೋದ ಯುಗಾದಿಗೆ ಅವರು ಮೇಡಂ ಮನೆಯ ಮಿಕ್ಸಿಗೆ "ಒಂಚೂರು ಬುದ್ಧಿ" ಹಾಕಿಕೊಟ್ಟಿದ್ದರು. ಅಂದಿನಿಂದ ಅದು ಕಾಯಿಚಟ್ನಿಯನ್ನು ಮಾತ್ರ ರುಬ್ಬುತ್ತಿತ್ತು. ಪುದೀನ ಹಾಕಿದರೆ ಮುಚ್ಚಳ ಸಮೇತ ಚಾವಣಿಗೆ ಉಗಿಯುತ್ತಿತ್ತು! ಅಡುಗೆಮನೆಯ ಚಾವಣಿಯಲ್ಲಿ ಹಸಿರು ದ್ವೀಪಸಮೂಹವೊಂದು ಈಗಲೂ ಇದೆ. ಮೇಡಂ ಮೂವತ್ತೊಂದು ವರ್ಷ ಭೂಗೋಳ ಕಲಿಸಿದವರು. ಅದಕ್ಕೆ ಹೆಸರಿಡುವುದೊಂದು ಬಾಕಿ.

ಆದರೆ ಈಗ ಅವರಿಗೆ ಬೇರೆ ದಾರಿ ಇರಲಿಲ್ಲ. ಅವರ ಕಾರಿಗೆ ಹದಿನೈದು ವರ್ಷ ತುಂಬಿತ್ತು. ನಾಳೆ ಬಿಟ್ಟು ಮುಂದಿನ ಸೋಮವಾರ, ಅಂದರೆ ಇನ್ನು ಎಂಟು ದಿನಕ್ಕೆ, ವಾಹನ ತಪಾಸಣೆ. ಪಾಸಾದರೆ ಇನ್ನೈದು ವರ್ಷ ಓಡಬಹುದು, ಫೇಲಾದರೆ ಗುಜರಿಗೆ. ಐವತ್ತೆರಡನೇ ವಯಸ್ಸಿನಲ್ಲಿ, "ಈ ವಯಸ್ಸಲ್ಲಿ ಯಾಕೆ ಬೇಕಿತ್ತು" ಎಂದ ಹತ್ತಾರು ಬಾಯಿಗಳ ಎದುರಿಗೆ ಅವರು ಡ್ರೈವಿಂಗ್ ಕಲಿತದ್ದು ಇದೇ ಕಾರಿನಲ್ಲಿ. ಈಗೀಗ ಅದು ಹೊರಟರೆ 'ಗಡಲ್ ಗಡಲ್ ಲಟಕ್ ಗಡಲ್' ಎಂದು ಪಾತ್ರೆ ಅಂಗಡಿಯೇ ನಡೆದುಬಂದಂತೆ ಸದ್ದು. ಶಿಷ್ಯರು ಕಾರಿಗೆ ಇಟ್ಟ ಹೆಸರು 'ಭೂಕಂಪ'.

ಹಾಲಪ್ಪನವರು ಬಾನೆಟ್ಟು ಎತ್ತಿದರು. "ಇಲ್ನೋಡಿ, ಎಡಕ್ಕೊಂದು ಗುಬಟು, ಬಲಕ್ಕೊಂದು ಗುಬಟು. ಮುಂದಿನ ಚಕ್ರದ ಏಟೆಲ್ಲ ಇವಕ್ಕೇ. ವಯಸ್ಸಾದ ಮೇಲೆ ಇದು ಆ ಕಡೆ ವಾಲುತ್ತೆ, ಅದು ಈ ಕಡೆ ವಾಲುತ್ತೆ. ಎರಡರ ನಡುವೆ ಈ ಸ್ಟ್ರಟ್ ಬಾರ್ ಬಿಗಿದರೆ ಕೈ ಕೈ ಹಿಡ್ಕೊಂಡು ನಿಂತ ಹಾಗೆ. ಮೈ ಅಲುಗಲ್ಲ!"

"ಮೊದಲೇ ಒಂದು ಇತ್ತಲ್ಲ ಅಲ್ಲಿ?"

"ಅದು ಅನಕ್ಷರಸ್ಥ! ಇದು ಅಪ್‌ಗ್ರೇಡು. ಬಿಗಿದ ಮೇಲೆ ಮೊದಲನೇ ಸಲ ಗಾಡಿ ಕದಲುತ್ತಲ್ಲ, ಅದೇ ಇದಕ್ಕೆ ಅಕ್ಷರಾಭ್ಯಾಸ. ಹೊರಡುವಾಗ ಮೈ ಹ್ಯಾಗೆ ಅಲುಗಿತು ಅಂತ ಬಾಯಿಪಾಠ ಮಾಡ್ಕೊಳ್ಳುತ್ತೆ. ಆಮೇಲೆ ನಿಂತಲ್ಲಿಂದ ಹೊರಡುವಾಗೆಲ್ಲ ಹಾಗೇ ಇದೆಯಾ ಅಂತ ತಾಳೆ ನೋಡುತ್ತೆ. ಇಲ್ಲಾಂದ್ರೆ ಇಂಜಿನ್ನಿಗೆ ಅಪ್ಪಣೆ ಇಲ್ಲ. ಸೇಫ್ಟಿ! ಸಿಂಪಲ್ಲು!"

ಹಾಲಪ್ಪನವರ ಬಾಯಲ್ಲಿ 'ಸಿಂಪಲ್ಲು' ಬಂತೆಂದರೆ ಮೇಡಂಗೆ ಎಡಗಣ್ಣು ಅದುರುತ್ತಿತ್ತು. ಅದುರಿತು.

ಹಳೇ ಸರಳು ಬಿಚ್ಚಿ, ಹೊಸದನ್ನು ಕೂರಿಸಿ, ಪಾನ ಹಿಡಿದು ಕ್ರೀಂಯ್ ಕ್ರೀಂಯ್ ಎಂದು ನಟ್ಟು ತಿರುಪುವುದು ಗಂಟೆಯ ಕೆಲಸವಾಯಿತು. ಕೊನೆಯಲ್ಲಿ ಮೇಡಂ ನೆಲದಿಂದ ಏನನ್ನೋ ಹೆಕ್ಕಿದರು.

"ಹಾಲಪ್ಪನೋರೇ, ಒಂದು ನಟ್ಟು ಉಳಿದಿದೆ."

"ಅದು ಎಕ್ಸ್‌ಟ್ರಾ ರೀ. ಕೊಟ್ಟಿರ್ತಾರೆ."

"ಯಾರು ಕೊಟ್ಟಿರ್ತಾರೆ? ಮಾಡಿದ್ದು ನೀವೇ ಅಲ್ವಾ?"

ಹಾಲಪ್ಪನವರು ಕೈ ತೊಳೆಯಲು ಹೋದರು.

ಮೇಡಂ ಒಬ್ಬರೇ ನಿಂತರು. ಕೈಯಲ್ಲಿ ನಟ್ಟು, ಮನಸ್ಸಿನಲ್ಲಿ ಚಾವಣಿಯ ದ್ವೀಪಸಮೂಹ. 'ನಿಂಬೆಹಣ್ಣೆಂದರೆ ಸಿಟ್ರಿಕ್ ಆಮ್ಲ, ಅದಕ್ಕಿಂತ ಹೆಚ್ಚೇನಲ್ಲ' ಎಂದು ಗ್ರಹಣದ ದಿನ ಪ್ರತಿ ಕ್ಲಾಸಿಗೂ ಹೋಗಿ ಹೇಳಿದ್ದ ಹೆಂಗಸು ಆಕೆ. ನಿಂಬೆಹಣ್ಣಿನ ಮೇಲೆ ಅವರಿಗೆ ನಂಬಿಕೆ ಇರಲಿಲ್ಲ. ಆದರೆ ಹಾಲಪ್ಪನವರ ಮೇಲೆ ಅದಕ್ಕಿಂತಲೂ ಕಡಿಮೆ ನಂಬಿಕೆ ಇತ್ತು. ಸರಸರನೆ ಒಳಗೆ ಹೋಗಿ, ಉಪ್ಪಿನಕಾಯಿಗೆಂದು ತಂದ ಹಣ್ಣುಗಳಲ್ಲಿ ನಾಲ್ಕನ್ನು ಸೆರಗಿನಲ್ಲಿ ಮುಚ್ಚಿ ತಂದು, ನಾಲ್ಕು ಚಕ್ರದ ಮುಂದೆ ಒಂದೊಂದು ತಳ್ಳಿ, ಏನೂ ಅರಿಯದವರಂತೆ ಸ್ಟಿಯರಿಂಗ್ ಹಿಡಿದು ಕೂತರು.

ಹಾಲಪ್ಪನವರು ಬಂದು ಹಸಿರು ಕರವಸ್ತ್ರ ಬೀಸಿದರು. "ಹ್ಞೂಂ, ಬಿಡ್ರಿ!"

ಪಚ್. ಪಚ್. ಪಚಕ್. ಪಚ್.

"ಅದೇನ್ರೀ ಸದ್ದು?"

"ಟಯರು ಹಳೇದಲ್ವಾ," ಎಂದರು ಮೇಡಂ. ಸುಳ್ಳು ಹೇಳಿ ರೂಢಿಯಿಲ್ಲದವರ ಕಿವಿ ಕೆಂಪಾಯಿತು.

*

ಬಡಾವಣೆಯನ್ನು ಎಲ್ಲೂ ನಿಲ್ಲಿಸದೆ ಒಂದು ಸುತ್ತು ಹಾಕಿದರು. ಅಬ್ಬಾ! ಗಡಲ್ ಇಲ್ಲ, ಲಟಕ್ ಇಲ್ಲ. ಗುಂಡಿಯಲ್ಲಿ ಇಳಿದು ಹತ್ತಿದ್ದು ಕಾರಿಗೇ ಗೊತ್ತಾದಂತಿರಲಿಲ್ಲ. ಭೂಕಂಪ ನಿಂತೇಹೋಗಿತ್ತು! ಮೇಡಂಗೆ ಸಂತೋಷವಾಯಿತು. ಸಂತೋಷವಾದ ಕೂಡಲೇ ಅನುಮಾನವೂ ಆಯಿತು.

ಅನುಮಾನ ನಿಜವಾದದ್ದು ಅಲ್ಲಿಂದ ಹಾಗೇ ಮುಂದುವರಿದು ಹೋದ ತರಕಾರಿ ಮಾರ್ಕೆಟ್ಟಿನಲ್ಲಿ. ಸೊಪ್ಪು ಕೊಂಡು ಬಂದು ಕಾರು ಹೊರಡಿಸಿದರೆ ಇಂಜಿನ್ 'ಗುರ್ರ್' ಎಂದು ಗಂಟಲು ಸರಿಮಾಡಿಕೊಂಡು, ಇಂಚು ಕದಲಿ, 'ಠುಸ್' ಎಂದಿತು. ಮತ್ತೆ ಗುರ್ರ್, ಮತ್ತೆ ಠುಸ್! ಹಿಂದೆ ಆಟೋಗಳು ಅರಚತೊಡಗಿದವು. ನಾಲ್ಕು ಜನ ತಳ್ಳಿದರು. ತಳ್ಳುವ ಭರಕ್ಕೆ ಒಬ್ಬನ ಮೊಣಕೈ ತಗುಲಿ ಪಕ್ಕದ ಹೆಂಗಸಿನ ಬುಟ್ಟಿ ಮಗುಚಿ, ನೂರಾರು ನಿಂಬೆಹಣ್ಣು ರಸ್ತೆ ತುಂಬ ಉರುಳಿದವು.

ಪಚ್. ಪಚ್. ಪಚಕ್. ಪಚ್. ಕಾರು ಬೆಣ್ಣೆಯಂತೆ ಹೊರಟಿತು!

ಮುಂದಿನ ತಿರುವಿನ ಹಣ್ಣಿನ ಗಾಡಿಯ ಹತ್ತಿರ ಮೇಡಂ ಬೇಕೆಂದೇ ನಿಲ್ಲಿಸಿ, ನಿಂಬೆಹಣ್ಣು ಕೊಂಡು ಪರೀಕ್ಷಿಸಿದರು. ಬರಿ ನೆಲದಲ್ಲಿ ಠುಸ್. ಚಕ್ರಕ್ಕೊಂದು ಹಣ್ಣಿಟ್ಟರೆ ಸಲೀಸು. ಮೂರೇ ಇಟ್ಟರೂ ಠುಸ್! ಸಲಾಕೆ ಪಾಠ ಚೆನ್ನಾಗಿಯೇ ಕಲಿತಿತ್ತು. ಹೊರಡುವುದೆಂದರೆ ನಾಲ್ಕು ನಿಂಬೆಹಣ್ಣು ಒಡೆಯುವುದು.

ಹಾಲಪ್ಪನವರಿಗೆ ಹೇಳಿದರೆ ಬಿಚ್ಚಿ ಸರಿಮಾಡುತ್ತಿದ್ದರೇನೋ. ಆದರೆ ಹೇಳುವುದು ಹೇಗೆ? "ಭೂಗೋಳದ ಮೇಡಂ ನಿಂಬೆಹಣ್ಣು ಇಟ್ಟರಂತೆ" ಎಂಬ ಸುದ್ದಿ ಊರು ಸುತ್ತಲು ಕಾರೂ ಬೇಕಾಗಿರಲಿಲ್ಲ. ಮೇಡಂ ಬಾಯಿ ಹೊಲಿದುಕೊಂಡರು. ಕಾರಿನಲ್ಲಿ ಒಂದು ಚೀಲ ನಿಂಬೆಹಣ್ಣು ಕಾಯಂ ಆಯಿತು.

ಬ್ಯಾಂಕಿನ ಮುಂದೆ ಬಗ್ಗಿ ಎದ್ದು ನಾಲ್ಕು. ರೈಲ್ವೆ ಗೇಟಿನಲ್ಲಿ ನಾಲ್ಕು. ಮೂರು ದಾರಿ ಕೂಡುವಲ್ಲಿ ಎಮ್ಮೆ ಅಡ್ಡ ಬಂದದ್ದಕ್ಕೆ ನಾಲ್ಕು. ಬುಧವಾರದ ಹೊತ್ತಿಗೆ ಬಡಾವಣೆಯ ಪ್ರತಿ ತಿರುವಿನಲ್ಲೂ ಅಪ್ಪಚ್ಚಿಯಾದ ನಿಂಬೆಹಣ್ಣು! ಜನ ರಸ್ತೆಯ ನಡು ಬಿಟ್ಟು ಗೋಡೆ ಸವರಿಕೊಂಡು ನಡೆಯತೊಡಗಿದರು. ಹಾಲಿನವನು ಬೀದಿಯ ತುದಿಯಲ್ಲೇ ನಿಂತು ಕೂಗಿದ. ಎದುರು ಮನೆಯವರು ತಮ್ಮ ಷಡ್ಡಕನನ್ನು ಅನುಮಾನಿಸಿದರು. ಷಡ್ಡಕ ಅವರನ್ನೇ ಅನುಮಾನಿಸಿದ.

ಗುರುವಾರ ಹಾಲಪ್ಪನವರ ಹೆಂಡತಿ ಗಿರಿಜಮ್ಮ ಕಾಂಪೌಂಡಿನಾಚೆಯಿಂದ ಪಿಸುಗುಟ್ಟಿದರು. "ಗೊತ್ತಾಯ್ತೇನ್ರೀ? ಯಾರೋ ನಮ್ ಬೀದಿಗೆ ಮಾಟ ಮಾಡ್ಸವ್ರೆ!"

"ಛೇ, ಅದೆಲ್ಲ ಮೂಢನಂಬಿಕೆ," ಎಂದರು ಮೇಡಂ, ಕೈಚೀಲವನ್ನು ಬೆನ್ನಹಿಂದೆ ಸರಿಸುತ್ತ. ಅದರಿಂದ ಒಂದು ಹಣ್ಣು ಜಾರಿ ಟಪ್ಪೆಂದು ಬಿದ್ದು, ಉರುಳಿ ಉರುಳಿ ಗಿರಿಜಮ್ಮನ ಗೇಟಿನೊಳಕ್ಕೇ ಹೋಯಿತು.

ಗಿರಿಜಮ್ಮ ಹಣ್ಣನ್ನು ನೋಡಿದರು. ಮೇಡಮನ್ನು ನೋಡಿದರು. ಒಳಗೆ ಹೋಗಿ ಚಿಲಕ ಹಾಕಿಕೊಂಡರು.

*

ಸೋಮವಾರ ಬಂತು. ತಮ್ಮ ಸಲಾಕೆ ಪಾಸಾಗುವುದನ್ನು ಕಣ್ಣಾರೆ ನೋಡಬೇಕೆಂದು ಹಾಲಪ್ಪನವರೂ ಕಾರು ಹತ್ತಿದರು. ಮನೆಯೆದುರಿನ ನಾಲ್ಕನ್ನು ಮೇಡಂ ಬೆಳಗಿನ ಕತ್ತಲಲ್ಲೇ ಇಟ್ಟಾಗಿತ್ತು. ಮೊದಲ ಸಿಗ್ನಲ್ಲಿನಲ್ಲಿ ಅವರು ಇಳಿದು ಬಗ್ಗಿದಾಗ ಹಾಲಪ್ಪನವರೂ ಬಗ್ಗಿ ನೋಡಿದರು.

"ಏನ್ರೀ ಇದು!"

ಮೇಡಂ ಎಲ್ಲವನ್ನೂ ಒದರಿಬಿಟ್ಟರು.

"ನೀವಾ? ಭೂಗೋಳದ ಮೇಡಮ್ಮಾ?" ಹಾಲಪ್ಪನವರ ಕನ್ನಡಕ ಮೂಗಿನ ತುದಿಗಿಳಿಯಿತು. "ನಿಂಬೆಹಣ್ಣು ನಂಬ್ತೀರಾ?"

"ನಂಬಿಕೆ ಅಲ್ಲ ರೀ. ಅನುಮಾನ! ನಿಮ್ಮ ಮೇಲೆ!"

"ನನ್ನ ಸಲಾಕೆ ನಿಯತ್ತಾಗಿ ಕಲೀತು. ನೀವು ಕಲಿಸಿದ್ದನ್ನೇ ಕಲೀತು! ಟೀಚರ್ ಆಗಿ ಇಷ್ಟು ಗೊತ್ತಾಗ್ಲಿಲ್ವೇ?"

"ಈಗ ಬಿಚ್ಚೋಕಾಗಲ್ವಾ?"

"ಪಾನ ಮನೇಲಿದೆ."

"ಮಿಕ್ಸಿ ಕೆಟ್ಟಾಗಲೂ ಪಾನ ಮನೇಲೇ ಇತ್ತು!"

ತಪಾಸಣೆಯ ಇನ್ಸ್‌ಪೆಕ್ಟರ್ ಭೋಜರಾಜ ಮೂರು ಬಾರಿ ವರ್ಗವಾಗಿ, ಮೂರಕ್ಕೂ ಯಾರೋ ಮಾಟ ಮಾಡಿಸಿದ್ದೇ ಕಾರಣವೆಂದು ಬಲವಾಗಿ ನಂಬಿದ್ದ ಮನುಷ್ಯ. ಗೇಟು ದಾಟಿ ಬಂದ ಕಾರನ್ನು ನಿಲ್ಲಗೊಡದೆ ಮೈದಾನದಲ್ಲಿ ಒಂದು ಸುತ್ತು ಓಡಿಸಲು ಹೇಳಿ, ಬ್ರೇಕ್ ಹಾಕಿಸಿ ನಿಲ್ಲಿಸಿದರು. ಬಾನೆಟ್ಟು ಕುಟ್ಟಿದರು, ಬಾಗಿಲು ಎಳೆದು ನೋಡಿದರು. ಒಂದು ಕೀರಲೂ ಇಲ್ಲ.

"ಸದರಿ ವಾಹನಕ್ಕೆ ಹದಿನೈದು ವರ್ಷ ಅಂತೀರಿ. ಮೈ ನೋಡಿದರೆ ಹದಿನೈದು ದಿನ. ನನಗೆ ಅನುಮಾನ! ಹೊರಡಿಸಿ ನೋಡೋಣ, ಇನ್ನೊಂದು ಸುತ್ತು."

"ಸಾರ್, ಒಂದ್ನಿಮಿಷ ಇಳೀತೀನಿ..."

"ಇಳಿಯುವಂತಿಲ್ಲ! ಸದರಿ ಚೀಲದಲ್ಲಿ ಏನಿದೆ?"

ಚೀಲ ತೆರೆದರು. ಭೋಜರಾಜರು ಹಾವು ಕಂಡಂತೆ ಹಾರಿದರು.

"ನಿಂಬೆಹಣ್ಣು! ಯಾರು ಕಳಿಸಿದ್ದು ನಿಮ್ಮನ್ನ? ಈ ಸಲ ಯಾವೂರಿಗೆ ಎತ್ತಂಗಡಿ?"

ಮೇಡಂ ಸ್ಟಿಯರಿಂಗ್ ಮೇಲೆ ಕೈಯಿಟ್ಟರು. ಹಾರಿಕೆಯ ಉತ್ತರವೊಂದು ಬಾಯಿಗೆ ಬಂತು. ನುಂಗಿಕೊಂಡರು. ಸುಳ್ಳು ಹೇಳಿ ಇಲ್ಲಿತನಕ ಬಂದದ್ದಾಗಿತ್ತು, ಇನ್ನು ಗುಜರಿಯೊಂದೇ ಉಳಿದ ನಿಲ್ದಾಣ. ಮೂವತ್ತು ಜನ ವಾಹನ ಮಾಲೀಕರ ಎದುರಿಗೆ, ಕ್ಲಾಸಿನ ಗಟ್ಟಿ ದನಿಯಲ್ಲಿ, ಚಾವಣಿಯಿಂದ ಹಿಡಿದು ಸಿಗ್ನಲ್ಲಿನವರೆಗೆ ನಡೆದದ್ದೆಲ್ಲ ಹೇಳಿದರು. "ತಪ್ಪು ಸಲಾಕೆಯದಲ್ಲ ಸಾರ್. ಇಟ್ಟವಳು ನಾನು."

ಹಾಲಪ್ಪನವರು ಎದೆಯುಬ್ಬಿಸಿದರು. ಅವರ ಯಂತ್ರದ ತಪ್ಪಲ್ಲ ಎಂದು ಯಾರಾದರೂ ಹೇಳಿದ್ದು ಅದೇ ಮೊದಲು.

ಭೋಜರಾಜರಿಗೆ ಅದರ ಮೇಲೂ ಅನುಮಾನ. ನಾಲ್ಕು ಹಣ್ಣನ್ನು ತಾವೇ ಆರಿಸಿದರು. ಐದನೆಯದನ್ನು ಕೊಯ್ದು, ಒಳಗೆ ಕೂದಲು ಸೂಜಿ ಏನಾದರೂ ಇದೆಯೇ ಎಂದು ನೋಡಿದರು. ಬೀಜವಿತ್ತು. ಆಮೇಲೆ ಸಮವಸ್ತ್ರದಲ್ಲೇ ಮಂಡಿಯೂರಿ, ಸ್ವಹಸ್ತದಿಂದ ನಾಲ್ಕು ಚಕ್ರಕ್ಕೂ ಒಂದೊಂದು ಹಣ್ಣು ಇಟ್ಟರು. ಕೊನೆಯ ಹಣ್ಣಿಡುವಾಗ ಕಣ್ಣು ಮುಚ್ಚಿ ಏನೋ ಗೊಣಗಿಕೊಂಡರು.

ಪಚ್. ಪಚ್. ಪಚಕ್. ಪಚ್. ಕಾರು ಮೈದಾನವನ್ನು ಹಂಸದಂತೆ ಸುತ್ತಿ ಬಂತು!

"ನಿಯಮದಲ್ಲಿ ನಿಂಬೆಹಣ್ಣು ಕೂಡದು ಅಂತ ಎಲ್ಲೂ ಇಲ್ಲ," ಎಂದು ಭೋಜರಾಜರು ಪುಸ್ತಕವನ್ನು ಎರಡು ಸಲ ತಿರುವಿ ಹಾಕಿ, ದೂರದಿಂದಲೇ ಕೈ ಚಾಚಿ ಸಹಿ ಮಾಡಿದರು. ಷರಾ ಎಂಬಲ್ಲಿ ಬರೆದರು: 'ಇಂಧನ ಪೆಟ್ರೋಲ್, ಸಹಾಯಕವಾಗಿ ನಿಂಬೆ.'

ಸರದಿಯಲ್ಲಿ ನಿಂತ ಮೂವತ್ತು ಜನರ ಪೈಕಿ ಮೇಡಂ ಮಾತು ಪೂರ್ತಿ ಕೇಳಿಸಿಕೊಂಡವರು ಯಾರೂ ಇರಲಿಲ್ಲ. ಆದರೆ ಇನ್ಸ್‌ಪೆಕ್ಟರ್ ಮಂಡಿಯೂರಿ ಹಣ್ಣಿಟ್ಟದ್ದನ್ನು ಎಲ್ಲರೂ ನೋಡಿದ್ದರು! ಮಾರನೆಯ ದಿನ ಪ್ರತಿಯೊಬ್ಬರ ಅರ್ಜಿಯ ಜೊತೆಗೂ ನಾಲ್ಕು ಹಣ್ಣು. ಹತ್ತು ಚಕ್ರದ ಲಾರಿಯವನು ಹತ್ತು ತಂದ. ಕಂಗಾಲಾದ ಭೋಜರಾಜರು 'ಈ ಕಚೇರಿಯಲ್ಲಿ ನಿಂಬೆಹಣ್ಣು ಕಡ್ಡಾಯವಲ್ಲ' ಎಂದು ಬೋರ್ಡು ಬರೆಸಿದರು. ಜನ ಬೋರ್ಡು ಓದಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಡ್ಡಾಯವಲ್ಲ ಅಂತ ಬರೆಸಬೇಕಾದರೆ ಒಳಗೇನೋ ಇರಲೇಬೇಕು! ಅಂದಿನಿಂದ ಎಂಟೆಂಟು ತರತೊಡಗಿದರು.

*

ಶುಕ್ರವಾರ ಹಾಲಪ್ಪನವರು ಸಲಾಕೆ ಬಿಚ್ಚಿ, ಅದರ ಹಳೇ ಪಾಠ ಅಳಿಸಿ, ಮತ್ತೆ ಬಿಗಿದರು. ಮೇಡಂ ಈ ಸಲ ಚಕ್ರದ ಹತ್ತಿರವೂ ಸುಳಿಯಲಿಲ್ಲ. ಎರಡೂ ಕೈ ಎಲ್ಲರಿಗೂ ಕಾಣುವಂತೆ ಮೇಲೆತ್ತಿ ಬಂದು ಸ್ಟಿಯರಿಂಗ್ ಹಿಂದೆ ಕೂತರು. ಹಾಲಪ್ಪನವರು ಕರವಸ್ತ್ರ ಬೀಸಿದರು.

ಫಟಾರ್!

ಕಾರು ಎಡಕ್ಕೆ ಎದ್ದು ಧೊಪ್ಪೆಂದು ಕೂತಿತು. ಹಾಲಪ್ಪನವರ ಬಿಳಿ ಪಂಚೆ ಮೊಣಕಾಲಿನವರೆಗೆ ಕುಂಕುಮದ ಕೆಂಪಾಯಿತು. ಎಡಗಡೆಯ ಮುಂದಿನ ಚಕ್ರದ ಕೆಳಗಿಂದ ಬೂದುಗುಂಬಳಕಾಯಿಯ ಹೋಳುಗಳು ಅಂಗಳದ ತುಂಬ ಚೆಲ್ಲಾಡಿದವು.

ಕಾಂಪೌಂಡಿನ ಮೇಲೆ ಗಿರಿಜಮ್ಮನ ತಲೆ ಮೂಡಿತು. "ನಾನೇ ಇಟ್ಟೆ! ಏನೀಗ? ಈ ಮೇಡಂ ನಮ್ ಗೇಟಿನೊಳಗೆ ನಿಂಬೆಹಣ್ಣು ಬಿಟ್ಟವ್ರೆ. ನನ್ನ ಹುಷಾರಿ ನಾನು ಮಾಡ್ಕೊಬೇಡ್ವೇ?"

ಮೇಡಂ ಕಾರು ನಿಲ್ಲಿಸಿ, ಮತ್ತೆ ಹೊರಡಿಸಿ ನೋಡಿದರು. ಗುರ್ರ್. ಠುಸ್. ಹೆಚ್ಚು ಯೋಚಿಸದೆ ಇಳಿದು ಡಿಕ್ಕಿಯ ಬಾಗಿಲೆತ್ತಿ, ಗೇಣು ಹಾಕಿ ಅಳೆದರು.

"ಆರು ಕುಂಬಳಕಾಯಿ ಹಿಡಿಯುತ್ತೆ. ಅಂದ್ರೆ ಇನ್ನು ಮೇಲೆ ಆರು ಕಡೆ ಮಾತ್ರ ನಿಲ್ಲಬಹುದು."

"ಅದಕ್ಯಾಕೆ ಚಿಂತೆ ಮೇಡಮ್ಮೋರೇ!" ಹಾಲಪ್ಪನವರ ಕಣ್ಣು ಹೊಳೆಯಿತು. "ಹಿಂದೆ ಒಂದು ಟ್ರೇಲರ್ ಕಟ್ಟಿಕೊಡ್ತೀನಿ. ಬುದ್ಧಿ ಇರೋ ಟ್ರೇಲರ್! ಸಿಂಪಲ್ಲು!"

ಮೇಡಂ ಸೆರಗಿನ ಗಂಟು ಬಿಚ್ಚಿ, ಅಂದು ಉಳಿದಿದ್ದ ನಟ್ಟನ್ನು ಅವರ ಅಂಗೈಯಲ್ಲಿಟ್ಟು ಹೇಳಿದರು:

"ಕಟ್ಟಿ. ಉಳಿಯೋ ನಟ್ಟನ್ನ ಮಾತ್ರ ಮೊದಲೇ ಕೊಟ್ಟುಬಿಡಿ."