ಪರಿಸರದ ಮೇಷ್ಟ್ರು ಬುಟ್ಟಿ ಹೊತ್ತದ್ದು

ಪಾಠ ಹೇಳಲು ಹೋದವನೇ ಪಾಠ ಕಲಿತು ಬರುವುದು ಎಲ್ಲ ಕಡೆಯೂ ನಡೆಯುತ್ತದೆ. ಪುತ್ತೂರಿನಲ್ಲಿ ನನಗೆ ಅದು ಸ್ವಲ್ಪ ಹೆಚ್ಚೇ ನಡೆಯಿತು.

ಎಂಬತ್ತರ ದಶಕದ ಮೊದಲಲ್ಲಿ ನಾನು ಬಯಲುಸೀಮೆಯಿಂದ ಅಲ್ಲಿನ ಒಂದು ಕಾಲೇಜಿಗೆ ಸಸ್ಯಶಾಸ್ತ್ರದ ತಾತ್ಕಾಲಿಕ ಉಪನ್ಯಾಸಕನಾಗಿ ಬಂದೆ. ತಾತ್ಕಾಲಿಕ ಅಂದರೆ ವರ್ಷದ ಕೊನೆಗೆ ಮನೆಗೆ ಕಳಿಸಬಹುದು ಎಂದರ್ಥ. ಪ್ರಾಂಶುಪಾಲರು ಹೊಸದಾಗಿ ಶುರುವಾದ ಪರಿಸರದ ತರಗತಿಯನ್ನು ನನಗೆ ಒಪ್ಪಿಸಿ, "ವಿಶ್ವವಿದ್ಯಾಲಯದಿಂದ ಒಬ್ಬರು ನೋಡ್ಲಿಕ್ಕೆ ಬರ್ತಾರೆ. ಅವರು ಒಪ್ಪಿದರೆ ತರಗತಿಯೂ ಉಂಟು, ನೀವೂ ಉಂಟು" ಅಂದರು.

೧. ಎರಡೇ ಸಲವಾ?

ಮೊದಲ ದಿನ, "ಯಾವ ವಸ್ತುವನ್ನೂ ಎಸೆಯುವ ಮೊದಲು ಎರಡು ಸಲ ಬಳಸಬೇಕು" ಎಂದೆ. ಕಾಗದದ ಹಿಂಬದಿಯಲ್ಲೂ ಬರೆಯಬಹುದು ಎಂಬ ಉದಾಹರಣೆಯನ್ನು ಹಿಂದಿನ ದಿನವೇ ಯೋಚಿಸಿಟ್ಟುಕೊಂಡಿದ್ದೆ.

ಪೆರಾಬೆಯ ಹುಡುಗಿಯೊಬ್ಬಳು ಎದ್ದಳು. "ಎರಡೇ ಸಲವಾ ಸರ್? ನಮ್ಮಲ್ಲಿ ಹಾಳೆ ಉಂಟಲ್ಲ?"

ಹಾಳೆ ಅಂದರೆ ಅಡಿಕೆ ಸೋಗೆಯ ಬುಡದಲ್ಲಿರುವ ಅಗಲವಾದ ಭಾಗ. ಅವಳು ಎಣಿಸತೊಡಗಿದಳು: ತಲೆಗೆ ಟೊಪ್ಪಿ, ಊಟಕ್ಕೆ ತಟ್ಟೆ, ಸೆಕೆಗೆ ಬೀಸಣಿಗೆ, ಮಗುವನ್ನು ಮಲಗಿಸಿ ಮೀಯಿಸುವುದಕ್ಕೂ ಅದೇ. ಕೊಚ್ಚಿದರೆ ದನಕ್ಕೆ, ದನದಿಂದ ಗೊಬ್ಬರ, ಗೊಬ್ಬರ ಮತ್ತೆ ಅದೇ ಮರದ ಬುಡಕ್ಕೆ. ನಾನು ಬೆರಗಾಗಿ, ನಿಂತಲ್ಲೇ ಹಾಜರಿ ಪುಸ್ತಕದ ಅಂಚಿನಲ್ಲಿ ಬರೆದುಕೊಳ್ಳತೊಡಗಿದೆ. ಅವಳು ನಿಲ್ಲಿಸಿ ಕೇಳಿದಳು, "ಸರ್, ಸ್ವಲ್ಪ ನಿಧಾನ ಹೇಳ್ಬೇಕಾ?"

೨. ಇಲ್ಲದ ಕಟ್ಟ

ಮಳೆ ಬಿಟ್ಟ ಮೇಲೆ ಆಲಂಕಾರಿನ ಹತ್ತಿರ ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ಊರವರು ನೀರು ನಿಲ್ಲಿಸಲು ಅಡ್ಡಲಾಗಿ ಹಾಕುವ ಮಣ್ಣಿನ ಕಟ್ಟ ತೋರಿಸಲು ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋದೆ. ಅಲ್ಲಿ ನೀರು ಬಿಟ್ಟರೆ ಏನೂ ಇರಲಿಲ್ಲ. ದಡದಲ್ಲಿ ಒಬ್ಬ ಅಜ್ಜ ಕೂತಿದ್ದರು.

"ಕಟ್ಟ ಎಲ್ಲಿ?"

"ಹೋಯ್ತು ಮಾಷ್ಟ್ರೆ."

ಮಳೆಗೆ ಕೊಚ್ಚಿಹೋಗಿದೆ ಎಂದುಕೊಂಡು ಅವರ ಪಕ್ಕ ಕೂತೆ. ಧೈರ್ಯ ತಂದುಕೊಳ್ಳಿ ಎಂದೆ.

"ಎಂತ ಧೈರ್ಯ ಮಾರಾಯ್ರೆ? ನಾವೇ ಬಿಚ್ಚಿದ್ದು! ಮಳೆಗಾಲದಲ್ಲಿ ತೋಡಿಗೆ ಹೋಗ್ಲಿಕ್ಕೆ ದಾರಿ ಬೇಡವಾ? ಬೇಸಗೆಗೆ ಮೊದಲು ಪುನಃ ಕಟ್ಟುದು. ನನ್ನ ಅಜ್ಜನೂ ಹೀಗೇ ಮಾಡಿದ್ದು."

ಪ್ರತಿ ವರ್ಷ ಕಟ್ಟಿ, ಪ್ರತಿ ವರ್ಷ ಬಿಚ್ಚಿ, ಹಳ್ಳದ ಜೊತೆ ತಲೆಮಾರುಗಳಿಂದ ಜಗಳವಿಲ್ಲದೆ ಬದುಕಿದ ಜನ! ನಾನು ಎದ್ದು ನಿಂತು ತೋಡಿಗೆ ಕೈಮುಗಿದೆ. ಅಜ್ಜ ವಿದ್ಯಾರ್ಥಿಗಳ ಕಡೆ ತಿರುಗಿ, "ನಿಮ್ಮ ಮಾಷ್ಟ್ರಿಗೆ ಬಿಸಿಲು ತಾಗಿತಾ ಎಂತ?" ಅಂದರು.

೩. ವಿಶ್ವವಿದ್ಯಾಲಯದ ಬುಟ್ಟಿ

ನೋಡಲು ಬರುವವರು ಕೊನೆಗೂ ಬಂದರು. ಇಸ್ತ್ರಿ ಮಾಡಿದ ಪ್ಯಾಂಟು, ಹೊಳೆಯುವ ಬೂಟು. ಅಂದೇ ಕಟ್ಟ ಹಾಕುವ ದಿನವಾಗಿದ್ದರಿಂದ ಅವರನ್ನು ಧೈರ್ಯ ಮಾಡಿ ತೋಡಿನ ಹತ್ತಿರವೇ ಕರೆದೊಯ್ದೆ. ಒಂದು ವಿಷಯ ಮಾತ್ರ ನನಗೆ ಗೊತ್ತಿರಲಿಲ್ಲ: ಕಟ್ಟದ ದಿನ ಬಂದವರು ಯಾರೂ ಕೈಕಟ್ಟಿ ನಿಲ್ಲುವ ಹಾಗಿಲ್ಲ.

ಅಜ್ಜ ಮಣ್ಣಿನ ಬುಟ್ಟಿಯನ್ನು ನೇರವಾಗಿ ಅತಿಥಿಯ ಕೈಗೆ ಕೊಟ್ಟರು. "ಹಿಡೀರಿ."

ನನ್ನ ಕೆಲಸ ಹೋಯಿತು ಎಂದುಕೊಂಡು ನಾನೂ ಒಂದು ಬುಟ್ಟಿ ಎತ್ತಿದೆ. ಎರಡು ಹೆಜ್ಜೆಗೆ ಜಾರಿ ಬುಟ್ಟಿ ಸಮೇತ ನೀರಿಗೆ ಬಿದ್ದೆ. ಅತಿಥಿಗಳು ಬೂಟು ಕಳಚಿ, ಪ್ಯಾಂಟು ಮಡಚಿ ಮಧ್ಯಾಹ್ನದವರೆಗೆ ಮಣ್ಣು ಹೊತ್ತರು. ಹರಿಯುತ್ತಿದ್ದ ನೀರು ನಮ್ಮ ಕಣ್ಣೆದುರೇ ನಿಂತು, ನಿಧಾನವಾಗಿ ಏರಿತು. ಎಲ್ಲರೂ ಬುಟ್ಟಿ ಕೆಳಗಿಟ್ಟು ಅದನ್ನೇ ನೋಡಿದೆವು.

ಆಮೇಲೆ ಅತಿಥಿಗಳು ನನ್ನನ್ನು ತೋರಿಸಿ ಅಜ್ಜನನ್ನು ಕೇಳಿದರು, "ಇವರನ್ನು ಖಾಯಂ ಮಾಡಬಹುದಾ?"

ಅಜ್ಜ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನನ್ನ ಅಂಗಿಯಿಂದ ಇನ್ನೂ ನೀರು ಸುರಿಯುತ್ತಿತ್ತು.

"ಜನ ಒಳ್ಳೆಯವರು. ಆದರೆ ಈಗಲೇ ಪಾಸು ಮಾಡ್ಬೇಡಿ. ಇನ್ನೆರಡು ಕಟ್ಟ ಆಗ್ಲಿ."

ವಿಶ್ವವಿದ್ಯಾಲಯದಿಂದ ಕಾಗದ ಬಂತು. ಪರಿಸರದ ತರಗತಿ ಮುಂದುವರಿಯಲಿ. ಉಪನ್ಯಾಸಕರ ತಾತ್ಕಾಲಿಕ ಅವಧಿ ಇನ್ನೂ ಸರಿಯಾಗಿ ಎರಡು ವರ್ಷ.