ನಾನು ಕುದಿಸಿದ ಮಸಾತೊ

ಬುಧವಾರ ಬೆಳಿಗ್ಗೆ ನನ್ನ ಹೆಂಡತಿ ಸೆನೈದಾ ಮತ್ತು ಅವಳ ತಾಯಿ ಎರ್ಮೆಲಿಂದಾ ಬೇಯಿಸಿದ ಮರಗೆಣಸನ್ನು ಜಗಿದು ಜಗಿದು ಮರದ ತೊಟ್ಟಿಗೆ ಉಗುಳುತ್ತಿದ್ದರು. ಶನಿವಾರ ನಮ್ಮ ಮನೆಗೆ ಹೊಸ ಗರಿ ಹೊದಿಸಲು ಊರಿನ ಇಪ್ಪತ್ತು ಗಂಡಸರು ಬರಬೇಕು. ಅವರಿಗೆ ಕೂಲಿ ಬೇಡ, ಮಸಾತೊ ಬೇಕು; ಹೀಗೆ ಜಗಿದ ಗೆಣಸು ಹುಳಿ ಬಂದು ತಲೆಗೇರುವ ಪಾನೀಯ. ಅದಿಲ್ಲದಿದ್ದರೆ ಸೂರೂ ಇಲ್ಲ. ಮಳೆ ಆಗಲೇ ಮಲೆಯ ಆಚೆ ಗುಡುಗುತ್ತಿತ್ತು.

ನಾನು ಆಗತಾನೆ ತಾಂಬೊ ನದಿಯ ಕೆಳಗಿನ ಊರಿನಲ್ಲಿ ಮೂರು ದಿನದ ಆರೋಗ್ಯ ತರಬೇತಿ ಮುಗಿಸಿ ಬಂದಿದ್ದೆ. (ಪ್ರಮಾಣಪತ್ರಕ್ಕೆ ಪ್ಲಾಸ್ಟಿಕ್ ಹೊದಿಕೆಯಿತ್ತು, ಮನೆಗೆ ಇರಲಿಲ್ಲ.)

"ಉಗುಳಲ್ಲಿ ಕ್ರಿಮಿಗಳಿರುತ್ತವೆ," ಎಂದೆ.

"ನಿಮ್ಮ ಮದುವೇಲಿ ಇದ್ನೇ ಏಳು ಬೋಗುಣಿ ಕುಡಿದ್ರಲ್ಲ ಅಳಿಯಂದ್ರೆ," ಎಂದರು ಅತ್ತೆ. "ಪಾಪ, ಆ ಕ್ರಿಮಿಗಳ ಗತಿ ಏನಾಯ್ತೋ!"

ಇಬ್ಬರೂ ಸ್ನಾನಕ್ಕೆ ನದಿಗೆ ಹೋದರು. ನಾನು ತೊಟ್ಟಿಯಲ್ಲಿದ್ದುದನ್ನೆಲ್ಲ ಹಂಡೆಗೆ ಸುರಿದು ಅರ್ಧ ಗಂಟೆ ಕೊತಕೊತ ಕುದಿಸಿ, ಮತ್ತೆ ತೊಟ್ಟಿಗೆ ತುಂಬಿ, ಬಾಳೆಲೆ ಮುಚ್ಚಿದೆ. ಯಾರಿಗೂ ಹೇಳಲಿಲ್ಲ. ಲೋಕಸೇವೆ ಸದ್ದಿಲ್ಲದೆ ನಡೆಯಬೇಕು.

ಗುರುವಾರ ಒಂದು ಗುಳ್ಳೆಯೂ ಏಳಲಿಲ್ಲ. ಶುಕ್ರವಾರ ಅತ್ತೆ ಬೆರಳು ಅದ್ದಿದರು. ಹೊರಗೆಳೆಯಲು ಇನ್ನೊಂದು ಕೈ ಬೇಕಾಯಿತು.

"ದೋಣಿ ತೂತು ಮುಚ್ಚೋಕೆ ಚೆನ್ನಾಗಿದೆ," ಎಂದರು.

ಸೆನೈದಾಳ ಕಣ್ಣು ತುಂಬಿತು. "ನನ್ನ ಮಸಾತೊ ಇವತ್ತಿನವರೆಗೂ ಕೆಟ್ಟಿಲ್ಲ. ನನ್ನ ಬಾಯಿಗೆ ಏನಾಯ್ತಮ್ಮಾ?"

ಅಷ್ಟರಲ್ಲಿ ಶಾಲೆಯ ಟೀಚರ್ ನೋಯೆಲಿಯಾ ಬಂದು ತೊಟ್ಟಿಯೊಳಗೆ ಬಗ್ಗಿ ನೋಡಿದರು.

"ಉಗುಳಲ್ಲಿ ಒಂದು ಕಿಣ್ವ ಇರುತ್ತೆ. ಪಿಷ್ಟವನ್ನ ಕತ್ತರಿಸಿ ಸಕ್ಕರೆ ಮಾಡೋದೊಂದೇ ಅದರ ಕೆಲಸ. ಮಾಂಸ ಕೊಟ್ರೆ ಮೂಸೂ ನೋಡಲ್ಲ. ಆ ಸಕ್ಕರೆ ಇದ್ರೇನೇ ಹುಳಿ ಬರೋದು. ಕುದಿಸಿದ್ರೆ ಮಾತ್ರ ಕಿಣ್ವ ಕೆಟ್ಟುಹೋಗುತ್ತೆ. ಆದ್ರೆ ಜಗಿದದ್ದನ್ನ ಯಾವ ತಲೆಕೆಟ್ಟವನು ಕುದಿಸ್ತಾನೆ?"

ಮೂವರೂ ಗೋಡೆಯ ಪ್ರಮಾಣಪತ್ರ ನೋಡಿದರು. ಆಮೇಲೆ ನನ್ನನ್ನು.

"ಎಷ್ಟು ಹೊತ್ತು?" ಸೆನೈದಾ ಕೇಳಿದಳು.

"ತರಬೇತೀಲಿ ಹತ್ತು ನಿಮಿಷ ಅಂದಿದ್ರು. ನಾನೇ ಸ್ವಲ್ಪ ಕಾಳಜಿಯಿಂದ..."

ಸೆನೈದಾ ಅತ್ತ ತಿರುಗಿದಳು. "ಟೀಚರ್, ಆ ಕಿಣ್ವ ಗಂಡಸರ ಬಾಯಲ್ಲೂ ಇರುತ್ತಾ?"

"ಧಾರಾಳವಾಗಿ."

"ಇವನ ಬಾಯಲ್ಲಂತೂ ಎಲ್ಲ ಧಾರಾಳ. ನಮ್ಮ ದವಡೆ ಬಿದ್ದುಹೋಗಿದೆ. ಕೂತ್ಕೋ, ಜಗಿ!"

ನಮ್ಮೂರಿನಲ್ಲಿ ಗಂಡಸು ಮಸಾತೊಗೆ ಜಗಿದದ್ದು ಇದುವರೆಗೆ ಇಲ್ಲ. ಕೆಲಸ ಮಂಗಳವಾರಕ್ಕೆ ಮುಂದೆ ಹೋಗಿದೆ. ಇಪ್ಪತ್ತು ಜನರೂ ಬರಲು ಒಪ್ಪಿದ್ದಾರೆ; ಅವರಲ್ಲಿ ಹನ್ನೆರಡು ಜನ ಈಗಲೇ ನೋಡಲು ಬಂದು ನನ್ನೆದುರು ಕುಳಿತಿದ್ದಾರೆ. ಎರಡನೇ ಬುಟ್ಟಿ ಮರಗೆಣಸು ಬೇಯುತ್ತಿದೆ.